ಹೇಳಬಾರದಿದ್ದ ಫಲಿತಾಂಶ

ನನ್ನ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆಯುತ್ತಾರೆ. ಆದರೆ ನಾನು ಔಷಧಿ ಬರೆದುಕೊಡುವ ಡಾಕ್ಟರಲ್ಲ. ವೈದ್ಯಕೀಯ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತೇನೆ, ರಕ್ತನಾಳಗಳ ಉರಿಯೂತದ ಮೇಲೆ ಸಂಶೋಧನೆ ಮಾಡುತ್ತೇನೆ. ಈ ವ್ಯತ್ಯಾಸವನ್ನು ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯ ಒಂದು ಮನೆಯ ಜಗಲಿಯ ಮೇಲೆ ಕೂತು ಹಲವು ಸಲ ವಿವರಿಸಿದ್ದೇನೆ. ಆ ಮನೆಯ ಅತ್ತೆ ಪೂರ್ತಿ ಕೇಳಿಸಿಕೊಂಡು ತಲೆಯಾಡಿಸುತ್ತಿದ್ದರು. ಆಮೇಲೆ, "ಆಗ್ಲಿ ಕಣ್ ಡಾಕ್ಟ್ರಮ್ಮ, ಈಗ ನಮ್ ಸೊಸೆ ಕೈ ನೋಡಿ" ಎನ್ನುತ್ತಿದ್ದರು.

ಸೊಸೆಗೆ ಇಪ್ಪತ್ತಾರು ವರ್ಷ. ಗಂಡ ಹಾಲಿನ ಟೆಂಪೊ ಓಡಿಸುತ್ತಿದ್ದ, ಈಕೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಮದುವೆಯಾದ ವರ್ಷವೇ ಬಟ್ಟೆ ಕತ್ತರಿಸುವಾಗ ಎಡಗೈ ಸೋತು ಬೀಳತೊಡಗಿತ್ತು. ನಿಶ್ಶಕ್ತಿ ಎಂದು ಟಾನಿಕ್ ಕುಡಿಸಿದರು. ಶಿರಾದಲ್ಲಿ ಒಬ್ಬ ವೈದ್ಯರು ನಾಡಿ ಹಿಡಿಯಲು ಹೋದಾಗ ಎಡ ಮಣಿಕಟ್ಟಿನಲ್ಲಿ ನಾಡಿಯೇ ಸಿಗಲಿಲ್ಲ. ಅಲ್ಲಿಂದ ನಮ್ಮ ಆಸ್ಪತ್ರೆಗೆ ಬಂದಳು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅದರ ಕವಲುಗಳು, ಇವುಗಳ ಗೋಡೆ ಊದಿಕೊಂಡು ಒಳದಾರಿ ಕಿರಿದಾಗುತ್ತಾ ಹೋಗುವ ಕಾಯಿಲೆ ಅದು. ಹೆಚ್ಚಾಗಿ ಈ ವಯಸ್ಸಿನ ಹೆಣ್ಣುಮಕ್ಕಳಿಗೇ ಬರುತ್ತದೆ. ಸ್ಟೀರಾಯ್ಡ್ ಮಾತ್ರೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಕೊಟ್ಟು ಆಕೆಯ ಕಾಯಿಲೆಯನ್ನು ತಣ್ಣಗಾಗಿಸಿದ್ದರು. ಬಳಿಕ ಮಾತ್ರೆಗಳನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದ್ದರು.

"ಸೊಸೆಗೆ ನಾಡೀನೇ ಇಲ್ವಂತೆ ಅಂದಾಗ ಊರೋರೆಲ್ಲ ನೋಡಾಕ್ ಬಂದ್ಬುಟ್ರು ಕಣಮ್ಮ" ಎಂದು ಅತ್ತೆ ಮೊದಲ ಭೇಟಿಯಲ್ಲಿ ಹೇಳಿದ್ದರು. "ನಾಡಿ ಇಲ್ದಿದ್ರೆ ಜೀವ ಹೆಂಗೈತೆ ಅಂತ."

ಈ ಕಾಯಿಲೆಯಲ್ಲಿ ನನ್ನಂಥವರನ್ನು ಕಾಡುವ ಪ್ರಶ್ನೆ ಒಂದೇ. ಉರಿಯೂತ ನಿಜವಾಗಿ ಆರಿದೆಯೋ, ಇಲ್ಲ ನಾಳದ ಗೋಡೆಯೊಳಗೆ ಸದ್ದಿಲ್ಲದೆ ಮುಂದುವರಿದಿದೆಯೋ ಎಂದು ತಿಳಿಯುವುದು ಹೇಗೆ? ಆಸ್ಪತ್ರೆಯಲ್ಲಿ ಮಾಡುವ ಇಎಸ್‌ಆರ್, ಸಿಆರ್‌ಪಿಯಂಥ ಮಾಮೂಲಿ ರಕ್ತಪರೀಕ್ಷೆಗಳು ಕೆಲವು ಸಲ ಎಲ್ಲ ಸರಿಯಿದೆ ಎನ್ನುತ್ತವೆ. ಅದೇ ಹೊತ್ತಿಗೆ ಒಳಗೆ ಮತ್ತೊಂದು ಕವಲು ಮುಚ್ಚಿಕೊಳ್ಳುತ್ತಿರುತ್ತದೆ. ನಾಳದ ಗೋಡೆ ಉರಿಯುವಾಗ ರಕ್ತಕ್ಕೆ ಬಂದು ಸೇರುವ ಒಂದು ಪ್ರೋಟೀನನ್ನು ನಾನು ಅಳೆಯುತ್ತಿದ್ದೆ. ಮೂರು ತಿಂಗಳಿಗೊಮ್ಮೆ ರಕ್ತ ತೆಗೆದು, ಆ ಪ್ರೋಟೀನು ಏರಿದವರಿಗೆ ಮುಂದೆ ಕಾಯಿಲೆ ಮರುಕಳಿಸುತ್ತದೆಯೇ ಎಂದು ನೋಡುವುದು ಅಧ್ಯಯನದ ಉದ್ದೇಶ. ಮರುಕಳಿಸುತ್ತದೆ ಎಂದು ಸಾಬೀತಾಗುವವರೆಗೂ ಆ ಅಂಕಿಗೆ ಅರ್ಥವಿಲ್ಲ. ಆದ್ದರಿಂದ ಅದನ್ನು ರೋಗಿಗೆ ಹೇಳುವಂತಿಲ್ಲ. ಒಪ್ಪಿಗೆ ಪತ್ರದಲ್ಲಿ ಈ ಮಾತು ಸ್ಪಷ್ಟವಾಗಿತ್ತು. ಅದನ್ನು ನಾನೇ ಓದಿ ಹೇಳಿದ್ದೆ, ಆಕೆ ಬಲಗೈಯಲ್ಲಿ ಸಹಿ ಹಾಕಿದ್ದಳು.

ದೂರದ ತಾಲ್ಲೂಕುಗಳ ನಾಲ್ವರು ಹೆಂಗಸರು ರಕ್ತ ಕೊಡಲು ಬರುವುದನ್ನೇ ಬಿಟ್ಟಿದ್ದರು. ಒಂದು ಬಸ್ಸಿಳಿದು ಇನ್ನೊಂದು ಹಿಡಿದು ಜಿಲ್ಲಾ ಕೇಂದ್ರಕ್ಕೆ ಬರುವಷ್ಟರಲ್ಲಿ ದಿನವೇ ಮುಗಿಯುತ್ತಿತ್ತು. ಹಾಗಾಗಿ ನಾವೇ ಹೋಗುವುದೆಂದಾಯಿತು. ಮೊದಲ ದಿನ ಕೊಳಾಲ, ಮಧುಗಿರಿ, ಪಾವಗಡ. ಎರಡನೆಯ ದಿನ ಶಿರಾ ಕಡೆ. ಕಾರಿನಲ್ಲಿ ನಾನು, ನಮ್ಮ ಪ್ರಯೋಗಾಲಯದ ತಂತ್ರಜ್ಞ, ಡ್ರೈವರ್ ಮೂವರೇ. ತಂತ್ರಜ್ಞ ಪಾವಗಡದವನು, ತೆಲುಗಿನಲ್ಲೇ ಯೋಚಿಸಿ ಕನ್ನಡದಲ್ಲಿ ಮಾತಾಡುವವನು, ನನ್ನ ಜೊತೆ ಹನ್ನೆರಡು ವರ್ಷ ಕೆಲಸ ಮಾಡಿದವನು.

ಕೆಲಸ ಕೇಳಲು ಸುಲಭ. ನೇರಳೆ ಮುಚ್ಚಳದ ಕೊಳವೆಗೆ ರಕ್ತ ತೆಗೆದು, ಎರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಲ್ಲುವ ಹುಲ್ಲುಬಣ್ಣದ ಪ್ಲಾಸ್ಮಾವನ್ನು ಪುಟ್ಟ ಕೊಳವೆಗಳಿಗೆ ಹಂಚಿ, ಕೂಡಲೇ ಒಣ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಗಡ್ಡೆಗಟ್ಟಿಸಬೇಕು. ತಡವಾದರೆ ಕೆಂಪು ಕಣಗಳು ಒಡೆದು ಪ್ಲಾಸ್ಮಾ ಕೆಂಪಾಗುತ್ತದೆ, ಅಳತೆ ಕೆಡುತ್ತದೆ. ಮೊದಲ ಸುತ್ತಿನಲ್ಲೇ ಪಾವಗಡದ ಬಳಿಯ ಆರೋಗ್ಯ ಕೇಂದ್ರದಲ್ಲಿ ಯಂತ್ರ ಅರ್ಧ ತಿರುಗಿದಾಗ ಕರೆಂಟು ಹೋಯಿತು. ಕಾದೆವು. ಬರಲಿಲ್ಲ. ರಕ್ತ ಕೊಟ್ಟಿದ್ದ ಹುಡುಗಿಯ ಮನೆಗೆ ಮತ್ತೆ ಹೋಗಿ ಇನ್ನೊಮ್ಮೆ ರಕ್ತ ಕೇಳಿದಾಗ ಆಕೆಯ ತಾಯಿ ಬಾಗಿಲಲ್ಲೇ ನಿಂತು, "ಮಳ್ಳಾ?" ಎಂದರು. ಮತ್ತೆಯೇ ಎಂದು. ತಂತ್ರಜ್ಞ ತೆಲುಗಿನಲ್ಲಿ ಏನೇನೋ ಹೇಳಿ ಒಪ್ಪಿಸಿದ. ಮುಂದಿನ ಸಲದಿಂದ ಕಾರಿನಲ್ಲೇ ಇನ್ವರ್ಟರ್ ಇಟ್ಟುಕೊಂಡೆವು.

ಶಿರಾ ಕಡೆಯ ಸೊಸೆ ಮಾತ್ರ ಯಾವತ್ತೂ ತಕರಾರು ಮಾಡಲಿಲ್ಲ. ನಾವು ಬರುವ ದಿನ ಬ್ಲೌಸಿನ ಬಲತೋಳನ್ನು ಮೇಲಕ್ಕೆ ಮಡಚಿಕೊಂಡೇ ಕೂತಿರುತ್ತಿದ್ದಳು. ಪ್ರತಿ ಭೇಟಿಯಲ್ಲೂ ತಂತ್ರಜ್ಞ ಡಾಪ್ಲರ್ ಎಂಬ ಪುಟ್ಟ ಯಂತ್ರವನ್ನು ಆಕೆಯ ಕೈಕಾಲುಗಳ ಮೇಲಿಟ್ಟು ರಕ್ತದ ಹರಿವಿನ ಸದ್ದನ್ನು ಕೇಳಿಸಿಕೊಂಡು ಬರೆದುಕೊಳ್ಳುತ್ತಿದ್ದ. ಬಲ ಮಣಿಕಟ್ಟಿನಲ್ಲಿ ಜೋರಾಗಿ ಗಾಳಿ ಬೀಸಿದಂತೆ ಸದ್ದು ಬರುತ್ತಿತ್ತು. ಎಡದಲ್ಲಿ ಬರೀ ಗೊರಗೊರ.

"ಎಡಗೈ ಸತ್ತೋಗೈತೆ ಅಂತಾರೆ ಮೇಡಂ. ಆದ್ರೂ ಬಟ್ಟೆ ಹಿಡ್ಕಂತದೆ ನೋಡಿ" ಎಂದು ನಗುತ್ತಿದ್ದಳು.

ಮೂರನೆಯ ಭೇಟಿ ಆಗಸ್ಟಿನಲ್ಲಿ. ಆ ಮಾದರಿಗಳನ್ನು ಗೌರಿ ಹಬ್ಬದ ಮರುವಾರ ಪರೀಕ್ಷೆಗೆ ಹಾಕಿದೆವು. ತೊಂಬತ್ತಾರು ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯದು. ಮಾದರಿಗೆ ಎರಡರಂತೆ ಒಂದೊಂದು ಗುಳಿಗೂ ಪ್ಲಾಸ್ಮಾ, ಆಮೇಲೆ ಒಂದರ ಮೇಲೊಂದು ದ್ರಾವಣ. ಕೊನೆಗೆ ಆಮ್ಲ ಹಾಕಿದಾಗ ನೀಲಿ ಬಣ್ಣ ಹಳದಿಗೆ ತಿರುಗುತ್ತದೆ. ಹಳದಿ ಗಾಢವಾದಷ್ಟೂ ಪ್ರೋಟೀನು ಹೆಚ್ಚು. ಒಂದು ಮಾದರಿಯ ಎರಡೂ ಗುಳಿಗಳು ಅರಿಸಿನ ಕಲಸಿದ ಹಾಗೆ ಕಂಡವು.

ಮೊದಲು ನನ್ನ ಕೈತಪ್ಪು ಇರಬೇಕೆಂದುಕೊಂಡೆ. ಬೇರೆ ತಟ್ಟೆಯಲ್ಲಿ ಪುನಃ ಮಾಡಿದೆ. ಆಮೇಲೆ ಕಾಯ್ದಿಟ್ಟಿದ್ದ ಇನ್ನೊಂದು ಕೊಳವೆಯಿಂದ ಹೊಸದಾಗಿ ತೆಗೆದು ಮಾಡಿದೆ. ಮೂರು ಸಲವೂ ಅದೇ ಹಳದಿ. ಪ್ಲಾಸ್ಮಾ ಕೆಟ್ಟಿರಲಿಲ್ಲ, ಹುಲ್ಲುಬಣ್ಣದಲ್ಲೇ ಇತ್ತು. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಇನ್ನೊಂದು ವಿಭಾಗದವರ ಬಳಿ ಲಕೋಟೆಯಲ್ಲಿತ್ತು. ಅದನ್ನು ತೆರೆಯುವ ಅಗತ್ಯವೇ ಇರಲಿಲ್ಲ. ಆ ಸುತ್ತಿನ ಎರಡನೆಯ ದಿನ ನಾವು ರಕ್ತ ತೆಗೆದದ್ದು ಒಬ್ಬಳಿಂದ ಮಾತ್ರ, ದಿನ, ಹೊತ್ತು ಬರೆದು ಕೊಳವೆಗೆ ಚೀಟಿ ಅಂಟಿಸಿದ್ದು ನಾನೇ.

ಆಕೆಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರ ಕೊಠಡಿಗೆ ಹೋದೆ. ನನಗಿಂತ ಚಿಕ್ಕವರು, ಬಹಳ ಎಚ್ಚರದ ಮನುಷ್ಯ. ಕಡತ ತರಿಸಿ ನೋಡಿದರು.

"ಇಎಸ್‌ಆರ್ ನಾರ್ಮಲ್, ಸಿಆರ್‌ಪಿ ನಾರ್ಮಲ್. ಜ್ವರ ಇಲ್ಲ, ಹೊಸ ನೋವಿಲ್ಲ. ಯಾವ ಆಧಾರದ ಮೇಲೆ ಸ್ಟೀರಾಯ್ಡ್ ಮತ್ತೆ ಶುರು ಮಾಡಲಿ ಮೇಡಂ?"

"ಸ್ಟೀರಾಯ್ಡ್ ಬೇಡ. ಸ್ಕ್ಯಾನ್ ಒಂದನ್ನು ಬೇಗ ಮಾಡಿಸಬಹುದಲ್ಲ?"

"ಕರೆಸಿ ಏನು ಹೇಳಲಿ? ನಿಮ್ಮ ಟೆಸ್ಟ್ ಇನ್ನೂ ಟೆಸ್ಟ್ ಆಗಿಲ್ಲ. ನಾಳೆ ಅದು ಸುಳ್ಳಾದರೆ? ಜನವರಿಯಲ್ಲಿ ಹೇಗೂ ವರ್ಷದ ಸ್ಕ್ಯಾನ್ ಇದೆ, ಆಗ ನೋಡೋಣ."

ಅವರು ಹೇಳಿದ್ದು ಸರಿ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇನ್ನೊಂದು ಮಾತನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಆಕೆಗೆ ಈಗ ಮಾತ್ರೆ ಶುರುವಾದರೆ ಆ ಹಳದಿ ಬಣ್ಣ ನಿಜ ಹೇಳಿತೋ ಸುಳ್ಳು ಹೇಳಿತೋ ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಹಾಗೆ ನಾನು ಯೋಚಿಸಿದ್ದು ಹೌದು. ಅದು ಗಮನಕ್ಕೆ ಬಂದು ನಾಚಿಕೆಯಾದದ್ದೂ ಹೌದು. ಅದೇ ವಾರ ನೈತಿಕ ಸಮಿತಿಗೆ ಪತ್ರ ಬರೆದೆ: ಒಬ್ಬ ರೋಗಿಯ ಸಂಶೋಧನಾ ಫಲಿತಾಂಶವನ್ನು ಆಕೆಗೆ ತಿಳಿಸಲು ಅನುಮತಿ ಬೇಕು ಎಂದು. ಸಮಿತಿ ಸೇರುವುದೇ ಅಪರೂಪ. ನನ್ನ ಪತ್ರ ಮುಂದಿನ ಸಭೆಯ ಪಟ್ಟಿಗೆ ಸೇರಿತು.

ನವೆಂಬರಿನಲ್ಲಿ ನಾವು ಹೋದಾಗ ಮನೆಗೆ ಬೀಗ ಹಾಕಿತ್ತು. ಬುಕ್ಕಾಪಟ್ಟಣದ ತವರಿಗೆ ಹೋಗಿದ್ದಾಳೆ ಎಂದರು ಪಕ್ಕದ ಮನೆಯವರು. ಜಗಲಿಯ ಮೇಲೆಯೇ ಕೂತು ಫೋನು ಮಾಡಿದೆ.

"ಅಯ್ಯೋ ಮೇಡಂ, ಮರ್ತೇ ಹೋಯ್ತು ನೋಡಿ. ತಮ್ಮನ್ ಮದ್ವೆ."

"ಹೇಗಿದ್ದೀಯಮ್ಮ?"

"ಚೆನ್ನಾಗಿದೀನಿ. ಯಾಕೆ, ನನ್ ರಕ್ತದಾಗೆ ಏನಾರ ಬಂತಾ?"

ತಂತ್ರಜ್ಞ ನನ್ನ ಮುಖವನ್ನೇ ನೋಡುತ್ತಿದ್ದ.

"ಜನವರಿಯಲ್ಲಿ ಸ್ಕ್ಯಾನಿಗೆ ತಪ್ಪದೆ ಬಾ" ಎಂದೆ. "ಮರೆಯಬೇಡ."

"ಆಗ್ಲಿ ಮೇಡಂ" ಎಂದಳು.

ಡಿಸೆಂಬರಿನಲ್ಲಿ ಸಮಿತಿಯ ಉತ್ತರ ಬಂತು. ಪರೀಕ್ಷೆಯ ವಿಶ್ವಾಸಾರ್ಹತೆ ಸ್ಥಾಪಿತವಾಗಿಲ್ಲ, ತಿಳಿಸುವುದರಿಂದ ರೋಗಿಗೆ ಅನಗತ್ಯ ಆತಂಕ ಉಂಟಾಗಬಹುದು, ನಿಯಮದಂತೆ ಮುಂದುವರಿಯುವುದು. ಜನವರಿಯ ಸ್ಕ್ಯಾನಿಗೆ ಆಕೆ ಬರಲಿಲ್ಲ. ಆಸ್ಪತ್ರೆಯವರು ಎರಡು ಸಲ ಫೋನು ಮಾಡಿದರು. ಮೊದಲ ಸಲ ಬರುತ್ತೇನೆ ಎಂದಳಂತೆ. ಎರಡನೆಯ ಸಲ ಎತ್ತಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಮುಂದಿನ ಸುತ್ತಿಗೆ ಹೊರಟೆವು. ಮೊದಲ ದಿನದ ಮೂರು ಮಾದರಿಗಳು ಚೆನ್ನಾಗಿ ಬಂದವು. ಎರಡನೆಯ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಆ ಮನೆ ತಲುಪಿದಾಗ ಆಕೆ ಜಗಲಿಯಲ್ಲಿರಲಿಲ್ಲ. ಒಳಗಿನಿಂದ ನಿಧಾನವಾಗಿ ಬಂದಳು. ಸೆರಗು ಎಳೆದುಕೊಂಡಿದ್ದರೂ ಹೊಟ್ಟೆ ಕಾಣುತ್ತಿತ್ತು.

"ಐದನೇ ತಿಂಗ್ಳು ಕಣ್ ಡಾಕ್ಟ್ರಮ್ಮ" ಎಂದರು ಅತ್ತೆ. ಮುಖದಲ್ಲಿ ಸಂತೋಷವೂ ಇತ್ತು, ನಾನೇನು ಅನ್ನುತ್ತೇನೋ ಎಂಬ ಅಳುಕೂ ಇತ್ತು. "ಸ್ಕ್ಯಾನು ಗೀನು ಅಂದ್ರೆ ಮಗೀಗೆ ಏನಾದ್ರೂ ಆದೀತು ಅಂತ ನಾನೇ ಕಳಿಸ್ಲಿಲ್ಲ."

"ಈಗ ಹೇಗನ್ನಿಸುತ್ತೆ?" ಎಂದು ಸೊಸೆಯನ್ನು ಕೇಳಿದೆ.

"ತಲೆನೋವು ಮೇಡಂ. ಹದಿನೈದು ದಿನದಿಂದ. ಕಣ್ ಮುಂದೆ ಒಂದೊಂದ್ಸಲ ಮಿಣಮಿಣ ಅಂತದೆ."

"ಬಸುರಿ ಅಂದ್ಮ್ಯಾಲೆ ಅವೆಲ್ಲ ಇರ್ತವೆ" ಎಂದರು ಅತ್ತೆ. "ಮೊನ್ನೆ ತಾನೆ ನರ್ಸಮ್ಮ ಬಿಪಿ ನೋಡವ್ರೆ. ಕಮ್ಮಿ ಐತಂತೆ. ಉಪ್ಪು ಚೆನ್ನಾಗ್ ತಿನ್ನು, ಮಜ್ಜಿಗೆ ಕುಡಿ ಅಂದವ್ರೆ."

ತಾಯಿ ಕಾರ್ಡು ತೆಗೆಸಿ ನೋಡಿದೆ. ತಪ್ಪದೆ ತುಂಬಿದ ಕಾರ್ಡು. ಪ್ರತಿ ಸಲವೂ ಬಲಗೈಯಲ್ಲಿ ಅಳೆದಿದ್ದಾರೆ. ಪ್ರತಿ ಸಲವೂ ಹಿಂದಿನದಕ್ಕಿಂತ ತುಸು ಕಡಿಮೆ. ನರ್ಸಿನ ತಪ್ಪು ಏನೂ ಇರಲಿಲ್ಲ. ಕೈಗೆ ಹೋಗುವ ನಾಳವೇ ಕಿರಿದಾಗಿದ್ದರೆ ಪಟ್ಟಿ ಸುತ್ತಿ ಅಳೆದಾಗ ಒತ್ತಡ ಕಡಿಮೆಯೇ ಕಾಣುತ್ತದೆ. ಹೃದಯದ ಬಳಿ, ಮಿದುಳಿನಲ್ಲಿ, ಮೂತ್ರಪಿಂಡದಲ್ಲಿ ಎಷ್ಟಿದೆಯೆಂದು ಆ ಕೈಗೆ ಗೊತ್ತಿರುವುದಿಲ್ಲ.

ತಂತ್ರಜ್ಞ ಡಾಪ್ಲರನ್ನು ಆಕೆಯ ಬಲ ಮಣಿಕಟ್ಟಿನ ಮೇಲಿಟ್ಟ. ಗಾಳಿಯ ಸದ್ದು ಬರಲಿಲ್ಲ. ಜಾಗ ಬದಲಿಸಿದ, ಮತ್ತೆ ಬದಲಿಸಿದ. ಗೊರಗೊರ ಮಾತ್ರ.

"ಕಾಲಲ್ಲಿ ನೋಡು" ಎಂದೆ.

ಮೀನಖಂಡಕ್ಕೆ ಪಟ್ಟಿ ಸುತ್ತಿ, ಪಾದದ ಕೀಲಿನ ಬಳಿ ಡಾಪ್ಲರ್ ಹಿಡಿದು ಗಾಳಿ ತುಂಬಿದ. ಕೈಯಲ್ಲಿ ನೂರಕ್ಕೆ ನಿಲ್ಲುವ ಸದ್ದು ಕಾಲಿನಲ್ಲಿ ನಿಲ್ಲಲೇ ಇಲ್ಲ. ನೂರೈವತ್ತು. ನೂರೆಪ್ಪತ್ತು. ಅವನು ಗಾಳಿ ತುಂಬುತ್ತಲೇ ಇದ್ದ. ನೂರತೊಂಬತ್ತು ದಾಟಿದ ಮೇಲೆ ಸದ್ದು ನಿಂತಿತು. ಗಾಳಿ ಬಿಟ್ಟು ಇನ್ನೊಂದು ಕಾಲಿಗೆ ಸುತ್ತಿದ. ಅಲ್ಲಿಯೂ ಅಷ್ಟೇ.

"ಮೇಡಂ" ಎಂದನಷ್ಟೆ.

ವೈದ್ಯರಿಗೆ ಫೋನು ಮಾಡಿದೆ. "ಈಗಲೇ ಕರೆತನ್ನಿ. ಆಂಬುಲೆನ್ಸಿಗೆ ಕಾಯಬೇಡಿ" ಎಂದರು.

ಮಾತ್ರೆ ಕೊಡಲು ನನಗೆ ಅಧಿಕಾರವಿಲ್ಲ, ಕೊಡಲು ಕಾರಿನಲ್ಲಿ ಮಾತ್ರೆಯೂ ಇರಲಿಲ್ಲ. ಡಬ್ಬಿಯಲ್ಲಿ ಇದ್ದದ್ದು ಗಡ್ಡೆಗಟ್ಟಿದ ಪ್ಲಾಸ್ಮಾ, ಸೂಜಿ, ಖಾಲಿ ಕೊಳವೆಗಳು. ಈ ಕಾಯಿಲೆಯ ಬಗ್ಗೆ ಗಂಟೆಗಟ್ಟಲೆ ಪಾಠ ಮಾಡಬಲ್ಲವಳು ಆ ಜಗಲಿಯ ಮೇಲೆ ಮಾಡಬಹುದಾಗಿದ್ದದ್ದು ಏನೂ ಇರಲಿಲ್ಲ, ಆಕೆಯನ್ನು ಕಾರಿಗೆ ಹತ್ತಿಸುವುದನ್ನು ಬಿಟ್ಟರೆ.

ಅತ್ತೆ ಒಪ್ಪಲಿಲ್ಲ. "ಮಗ ಬರ್ಲಿ. ಸಾಯಂಕಾಲ ಬತ್ತಾನೆ, ಅವ್ನೇ ಕರ್ಕೊಂಡ್ ಬತ್ತಾನೆ. ಚೆನ್ನಾಗಿ ಕೂತಿರೋಳ್ನ ಇಂಗೆ ಎತ್ತಾಕ್ಕೊಂಡು ಹೋಗ್ತೀನಿ ಅಂದ್ರೆ ಹೆಂಗಮ್ಮ? ಬಿಪಿ ಕಮ್ಮಿ ಅಂತ ಬರ್ದೈತಲ್ಲ ಕಾರ್ಡ್‌ನಾಗೆ!"

ಕೈಯ ಲೆಕ್ಕ, ಕಾಲಿನ ಲೆಕ್ಕ ಎಂದು ಎರಡು ಸಲ ವಿವರಿಸಿದೆ. ಅವರಿಗೆ ಅದು ನಂಬುವ ಮಾತಾಗಿ ಕಾಣಲಿಲ್ಲ. ಕಾಲಿನಲ್ಲಿ ಬಿಪಿ ನೋಡುವುದನ್ನು ಅವರು ಎಲ್ಲೂ ಕಂಡಿರಲಿಲ್ಲ. ಆಗ ನಾನು ಹೇಳಬಾರದ್ದನ್ನು ಹೇಳಿದೆ.

"ಅಮ್ಮಾ, ಇವಳ ಕಾಯಿಲೆ ಮತ್ತೆ ಎದ್ದಿರಬಹುದು. ಹಿಂದೆ ತೆಗೆದ ರಕ್ತದಲ್ಲಿ ಅದರ ಸುಳಿವು ಇತ್ತು. ಸಂಶೋಧನೆಯ ಪರೀಕ್ಷೆ, ಖಚಿತವಲ್ಲ ಅಂತ ಹೇಳಿರಲಿಲ್ಲ. ಈಗ ಹೇಳ್ತಿದೀನಿ. ಇವತ್ತು ಹೊರಡಲೇಬೇಕು."

ಅತ್ತೆ ನನ್ನನ್ನೇ ನೋಡಿದರು. ಸೊಸೆ ಎದ್ದಳು. ಒಳಗೆ ಹೋಗಿ ಒಂದು ಚೀಲದಲ್ಲಿ ಎರಡು ಸೀರೆ ಹಾಕಿಕೊಂಡು ಬಂದಳು. "ನಡೀರಿ ಅತ್ತೆ" ಎಂದಳು.

ತಂತ್ರಜ್ಞ ಫಾರಂ ಹಿಡಿದು ನಿಂತಿದ್ದ. "ಇಲ್ಲಿ ಏಮಿ... ಏನು ಬರೀಲಿ ಮೇಡಂ?"

"ಅಧ್ಯಯನದಿಂದ ಹೊರಗೆ ಅಂತ ಬರಿ. ಫಲಿತಾಂಶ ತಿಳಿಸಲಾಗಿದೆ ಅಂತ ಕಾರಣ ಬರಿ. ಸಹಿ ನಾನು ಹಾಕ್ತೀನಿ."

ಹೆದ್ದಾರಿಯುದ್ದಕ್ಕೂ ಆಕೆ ನನ್ನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದ್ದಳು. ಅರ್ಧ ದಾರಿಯಲ್ಲಿ ಬಲಗಣ್ಣಿಗೆ ಮಂಜು ಕವಿದ ಹಾಗೆ ಆಗುತ್ತಿದೆ ಎಂದಳು. ಆಕೆಯ ಮಣಿಕಟ್ಟು ನನ್ನ ಕೈಯಲ್ಲಿತ್ತು. ನಾಡಿಗಾಗಿ ಬೆರಳು ತಾನಾಗಿಯೇ ತಡಕುತ್ತಿತ್ತು. ಏನೂ ಸಿಗುತ್ತಿರಲಿಲ್ಲ. ಉಸಿರಾಟ ನೋಡಿಕೊಂಡು ಕೂತಿದ್ದೆ.

ಆಸ್ಪತ್ರೆಯಲ್ಲಿ ಕೂಡಲೇ ಔಷಧಿ ಶುರು ಮಾಡಿದರು. ಕಣ್ಣು ತಿಳಿಯಾಯಿತು. ಬಲಗೈಗೆ ಹೋಗುವ ನಾಳ ಕಿರಿದಾಗಿತ್ತು, ಮೂತ್ರಪಿಂಡದ ಒಂದು ನಾಳವೂ. ಸ್ಟೀರಾಯ್ಡ್ ಕೊಟ್ಟರು. ಬಸುರಿಯರಿಗೆ ಕೊಡಬಾರದ ಮಾತ್ರೆಗಳನ್ನು ಬಿಟ್ಟು ಉಳಿದವುಗಳಲ್ಲೇ ಆದಷ್ಟು ನಿಭಾಯಿಸಿದರು. ಒತ್ತಡ ಇಳಿಯುತ್ತಿತ್ತು, ಎರಡು ದಿನಕ್ಕೆ ಮತ್ತೆ ಏರುತ್ತಿತ್ತು. ದಿನವೂ ಕಾಲಿನಲ್ಲೇ ಅಳೆಯಬೇಕೆಂದು ಮಂಚದ ತಲೆಯ ಬಳಿ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. ನಾನು ಪಾಠ ಮುಗಿಸಿ ವಾರ್ಡಿಗೆ ಹೋಗಿ ಮಂಚದ ಪಕ್ಕ ನಿಲ್ಲುತ್ತಿದ್ದೆ. ಅಲ್ಲಿ ನನಗೆ ಕೆಲಸವೇನೂ ಇರಲಿಲ್ಲ. ನರ್ಸುಗಳು ಓಡಾಡುವಾಗ ಬದಿಗೆ ಸರಿಯುತ್ತಿದ್ದೆ.

ಏಳು ತಿಂಗಳು ತುಂಬುವ ಮೊದಲೇ ಮಗುವಿನ ಬೆಳವಣಿಗೆ ನಿಂತಿತು. ಇನ್ನು ಕಾಯುವಂತಿಲ್ಲವೆಂದು ಹೆರಿಗೆ ಮಾಡಿಸಿದರು. ಹೆಣ್ಣುಮಗು. ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ದಿನ ಇತ್ತು. ತಂದೆ ಆ ನಾಲ್ಕು ದಿನವೂ ಟೆಂಪೊ ಬಿಟ್ಟು ಬಂದು ಬಾಗಿಲ ಹೊರಗೇ ಇದ್ದ. ಐದನೆಯ ದಿನ ಬೆಳಗ್ಗೆ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು.

ತಾಯಿ ಉಳಿದಳು.

ಸಮಿತಿ ನನ್ನಿಂದ ವಿವರಣೆ ಕೇಳಿತು, ಕೊಟ್ಟೆ. ಇನ್ನು ಮುಂದೆ ಮಾದರಿಗಳ ಮೇಲೆ ಊರಿನ ಗುರುತು ಸಿಗದಂತೆ ನೋಡಿಕೊಳ್ಳಬೇಕೆಂದು ಸೂಚನೆ ಬಂತು. ಅಧ್ಯಯನ ನಿಲ್ಲಲಿಲ್ಲ. ಈ ಮಧ್ಯೆ ಮತ್ತೊಂದು ಮಾದರಿಯಲ್ಲಿ ಅದೇ ಗಾಢ ಹಳದಿ ಬಂತು. ಆ ಸಲದ ಕೊಳವೆಗಳಿಗೂ ಹಳೆಯ ಪದ್ಧತಿಯಲ್ಲೇ ಚೀಟಿ ಅಂಟಿಸಿದ್ದರಿಂದ ಅದು ಯಾರದೆಂದು ತಿಳಿದಿತ್ತು. ಮಧುಗಿರಿಯ ಒಬ್ಬ ಶಿಕ್ಷಕಿಯದು. ಈ ಸಲ ವೈದ್ಯರು ತಾವಾಗಿಯೇ ಕರೆಸಿ ಸ್ಕ್ಯಾನ್ ಮಾಡಿಸಿದರು. ಏನೂ ಇರಲಿಲ್ಲ. ಇಂದಿಗೂ ಆಕೆ ಆರಾಮಾಗಿದ್ದಾರೆ, ದಿನಾ ಶಾಲೆಗೆ ಹೋಗುತ್ತಾರೆ. ಹಾಗಾದರೆ ಶಿರಾ ಕಡೆಯ ಸೊಸೆಯ ರಕ್ತ ಹೇಳಿದ್ದು ನಿಜವೋ, ಇಲ್ಲ ಕಾಕತಾಳೀಯವೋ? ಮೂವತ್ತು ವರ್ಷ ಇದೇ ಕೆಲಸ ಮಾಡಿರುವ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ನಮ್ಮ ವೃತ್ತಿಯಲ್ಲಿ ಪ್ರಾಮಾಣಿಕ ಮಾತು. ಒಬ್ಬ ತಾಯಿಯ ಮುಂದೆ ಅದನ್ನು ಹೇಳುವುದು ಹೇಗೆಂದು ಮಾತ್ರ ಯಾವ ತರಬೇತಿಯಲ್ಲೂ ಕಲಿತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನಾನೊಬ್ಬಳೇ ಆ ಮನೆಗೆ ಹೋದೆ. ಡಬ್ಬಿ ಒಯ್ಯಲಿಲ್ಲ. ಅತ್ತೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಚಾಪೆ ಹಾಕಿ ಒಳಗೆ ಹೋದರು. ಸೊಸೆ ಗೋಡೆಗೊರಗಿ ಬ್ಲೌಸೊಂದಕ್ಕೆ ಹುಕ್ಕು ಹಾಕುತ್ತಿದ್ದಳು. ಎರಡು ಹುಕ್ಕಿಗೊಮ್ಮೆ ಬಲಗೈಯನ್ನು ತೊಡೆಯ ಮೇಲಿಟ್ಟು ಸುಧಾರಿಸಿಕೊಳ್ಳುತ್ತಿದ್ದಳು. ಸ್ಟೀರಾಯ್ಡಿನಿಂದ ಮುಖ ದುಂಡಗಾಗಿತ್ತು.

ಮಾತ್ರೆ ತಪ್ಪಿಸುತ್ತಿಲ್ಲ ತಾನೆ ಎಂದು ಕೇಳಿದೆ. ಇಲ್ಲ ಎಂದಳು. ಉಪ್ಪು ಕಡಿಮೆ ಮಾಡಿದ್ದೇನೆ ಎಂದಳು.

"ಮೇಡಂ, ಒಂದ್ ಕೇಳ್ತೀನಿ" ಎಂದಳು. "ಆವತ್ತು ನೀವ್ ಹೇಳಿದ್ರಲ್ಲ, ಹಿಂದಿನ್ ರಕ್ತದಾಗೆ ಸುಳಿವು ಇತ್ತು ಅಂತ. ಅದು ನಿಮ್ಗೆ ಗೊತ್ತಾಗಿದ್ದು ಯಾವಾಗ?"

ಸುಳ್ಳು ಹೇಳಬಹುದಿತ್ತು. ಆಕೆಗೆ ತಿಳಿಯುವ ದಾರಿಯೇ ಇರಲಿಲ್ಲ.

"ಗೌರಿ ಹಬ್ಬ ಆದ ಮುಂದಿನ ವಾರ" ಎಂದೆ.

ಆಕೆ ಬ್ಲೌಸನ್ನು ಕೆಳಗಿಟ್ಟಳು. ಎಡಗೈಯ ಬೆರಳುಗಳ ಮೇಲೆ ಹೆಬ್ಬೆರಳು ಸರಿಸುತ್ತಾ ತಿಂಗಳು ಎಣಿಸಿದಳು. ಒಂದು ಕಡೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಎಣಿಸಿದಳು.

"ಅವಾಗ ನಂಗಿನ್ನೂ ಮುಟ್ಟು ನಿಂತಿರ್ಲಿಲ್ಲ ಮೇಡಂ" ಎಂದಳು.

ಅಷ್ಟೇ. ದನಿಯಲ್ಲಿ ಕೋಪವಿರಲಿಲ್ಲ. ನಾನು ಏನಾದರೂ ಹೇಳುತ್ತೇನೆಂದು ಕಾದಳು. ಆಮೇಲೆ ಬ್ಲೌಸನ್ನು ಮತ್ತೆ ಎತ್ತಿಕೊಂಡು ಮುಂದಿನ ಹುಕ್ಕಿಗೆ ಜಾಗ ಗುರುತು ಮಾಡತೊಡಗಿದಳು.